ಪಾಯಿಂಟ್ ಆರು

ಡಂಡೀ ಊರಿನ ಹಳೆಯ ಸೆಣಬಿನ ಗಿರಣಿ.
ಮೂರನೇ ಮಹಡಿಯಲ್ಲಿ ಈಗ ಗೋಣಿ ನೇಯುವುದಿಲ್ಲ,
ಗುರಿ ನೇಯುತ್ತಾರೆ.

ಮಾರ್ವೆನ್ ಗೆಡ್ಡಿಸ್‌ಗೆ ವಹಿಸಿದ್ದು ಒಂದೇ ಒಂದು ಅಂಕಿ:
ಹೆಬ್ಬೆರಳು ಕಡ್ಡಿಯನ್ನು ತಳ್ಳಿದಾಗ
ಪರದೆಯ ಮೇಲಿನ ಕೆಂಪು ಚುಕ್ಕೆ
ವೈರಿಯ ಹೆಗಲು ದಾಟುವ ಹೊತ್ತಿಗೆ
ಎಷ್ಟು ನಿಧಾನಿಸಬೇಕು, ಎಷ್ಟು ಅಂಟಬೇಕು.
ಸೊನ್ನೆಯಿಟ್ಟರೆ
ಎಣ್ಣೆ ಹಚ್ಚಿದ ಹಲಗೆಯ ಮೇಲಿನ ಸಾಸಿವೆ.
ಒಂದಿಟ್ಟರೆ
ಗುಂಡು ತಾನೇ ಮನೆ ಹುಡುಕಿಕೊಂಡು ಹೋಗುತ್ತದೆ,
ಆಡುವವನು ಬರಿಯ ನೆಂಟ.
ನಡುವೆ ಎಲ್ಲೋ, ಪಾಯಿಂಟ್ ಆರರ ಆಸುಪಾಸು,
ಯಾರಿಗೂ ಗೊತ್ತಾಗದ ಹಾಗೆ
ಕೈ ಹಿಡಿಯಬಹುದು.

ಹೆಬ್ಬೆಟ್ಟು ಎಂದರೆ ನನ್ನ ನುಡಿಯಲ್ಲಿ
ಅಕ್ಷರ ಬಾರದವನು ಎಂದೂ ಹೌದು.
ಮಾರ್ವೆನ್‌ಗೆ ಈ ಮಾತು ಗೊತ್ತಿಲ್ಲ, ಗೊತ್ತಿದ್ದರೆ ನಗುತ್ತಿದ್ದಳು:
ಹೆಬ್ಬೆಟ್ಟಿನ ಮೇಲೆ ಕೈಯಿಟ್ಟು
ಮರಳಲ್ಲಿ ತಿದ್ದಿಸುವುದೇ ಅವಳ ಸಂಬಳ.
ತಿದ್ದುವ ಕೈ ಯಾವುದು, ತಿದ್ದಿಸುವ ಕೈ ಯಾವುದು,
ಮರಳನ್ನು ಕೇಳಿದರೆ ಹೇಳುವುದಿಲ್ಲ.

ನವೆಂಬರಿನ ಪರೀಕ್ಷೆ. ಎಂಟು ಕುರ್ಚಿ, ಎಂಟು ಪರದೆ,
ಚಹಾದ ಜೊತೆ ಬಿಸ್ಕತ್ತು,
ಹೊರಡುವಾಗ ಇಪ್ಪತ್ತು ಪೌಂಡಿನ ಕೂಪನ್.
ನಾಲ್ವರಿಗೆ ನೆರವು, ನಾಲ್ವರಿಗೆ ಸೊನ್ನೆ.
ಯಾರಿಗೆ ಯಾವುದೆಂದು ಬಾಯಿ ಬಿಡುವಂತಿಲ್ಲ,
ಮಾರ್ವೆನ್ ಸಹಿ ಹಾಕಿದ್ದಾಳೆ.

ಎರಡನೇ ಕುರ್ಚಿಯಲ್ಲಿ ಲಾಕ್ಲನ್, ಹದಿನೇಳು ವರ್ಷ.
ಮೊದಲ ಸುತ್ತಿಗೇ ಹದಿನಾಲ್ಕು ಜನರನ್ನು ಉರುಳಿಸಿ
ಕೈ ಚಾಚಿ ಬೆರಳು ನೋಡಿಕೊಂಡ,
ಹೊಸ ಉಂಗುರ ತೊಟ್ಟವನ ಹಾಗೆ.
"ಇವತ್ತು ಕೈ ಚೆನ್ನಾಗಿ ಕೂತಿದೆ" ಎಂದ.

ಏಳನೇ ಕುರ್ಚಿಯಲ್ಲಿ ಡೂಗಲ್ ಪೀಟ್ರಿ.
ಆರ್ಬ್ರೋತ್‌ನ ಮೀನುದೋಣಿಯಲ್ಲಿ ಮೂವತ್ತು ವರ್ಷ,
ರಾಟೆಗೆ ಕೊಟ್ಟದ್ದು ತೋರುಬೆರಳಿನ ತುದಿ.
ಮನೆಯಲ್ಲಿ ಕೂತು ಟೀವಿಯ ಜೊತೆ ಜಗಳ ಆಡಬೇಡಿ ಎಂದು
ಸೊಸೆ ಇಲ್ಲಿಗೆ ಕಳಿಸಿದ್ದು.
ಮೊದಲ ವಾರ ಗೋಡೆಗೆ ಹೊಡೆದ, ಆಕಾಶಕ್ಕೆ ಹೊಡೆದ,
ತನ್ನದೇ ಕಡೆಯವನಿಗೆ ಹೊಡೆದು ಕ್ಷಮಿಸಪ್ಪ ಎಂದ.
ಎರಡನೇ ವಾರ ಗೋಡೆ.
ಮೂರನೇ ವಾರ ಗೋಡೆಯ ಅಂಚು.
ನಾಲ್ಕನೇ ವಾರ
ನೀರಿನ ತೊಟ್ಟಿಯ ಮರೆಯಿಂದ ಓಡಿದವನ
ಹಿಂದೆ ಹೋಗಲಿಲ್ಲ.
ಅವನು ಬರಲಿರುವ ಜಾಗದಲ್ಲಿ ಚುಕ್ಕೆಯಿಟ್ಟು
ಕಾದ,
ಅಲೆ ಇಳಿಯಲೆಂದು ಬಲೆ ಹಿಡಿದು ನಿಂತವನಂತೆ.
ಬಿತ್ತು.
ಮತ್ತೆ ಕಾದ. ಮತ್ತೆ ಬಿತ್ತು.

ಮಾರ್ವೆನ್ ಕಡತ ತೆರೆದಳು. ಏಳನೇ ಕುರ್ಚಿ: ಸೊನ್ನೆ.
ಮುಚ್ಚಿ, ತಣ್ಣಗಾದ ಚಹಾ ಕುಡಿದು, ಮತ್ತೆ ತೆರೆದಳು.
ಸೊನ್ನೆಯೇ.

ಡೂಗಲ್ ಕೋಟಿನ ತೋಳು ಹುಡುಕುತ್ತ
ಯಂತ್ರದ ಬೆನ್ನು ತಟ್ಟಿದ, ಗಾಡಿ ಎಳೆದ ಕುದುರೆಯನ್ನು ತಟ್ಟುವ ಹಾಗೆ.
"ಜಾಣ ಇದು. ಅಂತೂ ಮುದುಕನ ಮೇಲೆ ಕರುಣೆ ಬಂತು.
ಒಳಗಿಂದ ಯಾರೋ ಕೈ ಹಿಡಿದದ್ದು
ನನಗೇ ಗೊತ್ತಾಯಿತು ನೋಡು."

ಇಲ್ಲ ಎನ್ನಲು ಅವಳ ಬಾಯಿ ಅರ್ಧ ತೆರೆದಿತ್ತು.
ಹೊರಗೆ ಬಿದ್ದ ಮಾತು:
"ಕೂಪನ್ ಮರೆಯಬೇಡಿ."

ಕಿಟಕಿಯಾಚೆ ಟೇ ನದಿಗೆ ಸಮುದ್ರದ ಮಂಜು ಕವಿದು
ಸೇತುವೆ ಅರ್ಧಕ್ಕೇ ಮುಗಿದಿತ್ತು.
ರೈಲು ಮಾತ್ರ ನಂಬಿಕೊಂಡು ಹೋಯಿತು.
ಆರ್ಬ್ರೋತ್ ಬಸ್ಸಿನ ಹಿಂದೀಪ, ಒಂದು ಕೆಂಪು ಚುಕ್ಕೆ,
ತಿರುವಿನಲ್ಲಿ ಯಾವುದಕ್ಕೂ ಅಂಟದೆ ಜಾರಿತು.

ಎಲ್ಲರೂ ಹೋದ ಮೇಲೆ
ತನ್ನ ಪರದೆಗೂ ಸೊನ್ನೆ ಬರೆದು ಕೂತಳು.
ಗೋಡೆ. ಆಕಾಶ. ಗೋಡೆ.
ಹನ್ನೊಂದು ವರ್ಷ ಲೋಕದ ಕೈ ತಿದ್ದಿಸಿದವಳು
ಕ್ಷಮಿಸಪ್ಪ ಎಂದಳು, ತನ್ನದೇ ಕಡೆಯ ಯಾರಿಗೋ.

ಬೆಳಿಗ್ಗೆ ಅಂಕಿ ಪಾಯಿಂಟ್ ಐದು ಎಂಟಕ್ಕೆ ಇಳಿದಿತ್ತು.
ಕೂದಲೆಳೆಯಷ್ಟು.
ಲಾಕ್ಲನ್ ಎರಡು ಸುತ್ತು ಆಡಿ, ಎದ್ದು,
ಕುರ್ಚಿಯ ಕಾಲು ಬಗ್ಗಿ ನೋಡಿದ.
"ಇದು ಅಲುಗಾಡುತ್ತಿದೆ," ಎಂದ, "ಬೇರೆ ಕೊಡಿ."